ಎಲೆ ಮಡಚುವ ಬದಿ

ಬಾಳೆಎಲೆಗೆ ನೀರು ಚಿಮುಕಿಸಿ ಅಂಗೈಯಿಂದ ಒರೆಸುವಾಗ ಒಂದು ಹಸಿ ವಾಸನೆ ಏಳುತ್ತದಲ್ಲ, ನೀವು ಗಮನಿಸಿದ್ದೀರೋ ಇಲ್ಲವೋ, ನನ್ನಂಥ ಹೊಟ್ಟೆಬಾಕರಿಗೆ ಅದು ಊಟಕ್ಕಿಂತ ಮೊದಲು ಬರುವ ಊಟ. ಇವತ್ತು ಮಧ್ಯಾಹ್ನ ನಮ್ಮ ಶಾಲೆಯ ಜಗಲಿಯಲ್ಲಿ ಆ ವಾಸನೆ ಎದ್ದಿತು. ಪೆರಾಬೆಯ ಹತ್ತಿರ ಒಂದು ಸಣ್ಣ ಶಾಲೆಯಲ್ಲಿ ನಾನು ಟೀಚರು. ಮಗಳ ಹುಟ್ಟುಹಬ್ಬವೆಂದು ಪೋಷಕರೊಬ್ಬರು ಮಕ್ಕಳಿಗೆಲ್ಲ ಪಾಯಸದ ಊಟ ಹಾಕಿಸಿದ್ದರು. ದಿನದ ಸ್ಟೀಲ್ ತಟ್ಟೆಗಳಿಗೆ ರಜೆ, ಎಲೆಯ ಮೇಲೆ ಊಟ. ಉಪ್ಪು, ಉಪ್ಪಿನಕಾಯಿ, ಪಲ್ಯ ಬಡಿಸಿಯಾದ ಮೇಲೆ ಮಕ್ಕಳು ಓಡಿಬಂದು ಕೂತರು. ಒಂದು ಎಲೆ ಉಳಿಯಿತು. ಒಬ್ಬ ಹುಡುಗನಿಗೆ ಜ್ವರವಂತೆ, ಬಂದಿರಲಿಲ್ಲ.

ಅಡುಗೆಯ ಸರಸಕ್ಕ ಬಡಿಸುವ ಬದಿಯಲ್ಲಿ ನಿಂತಿದ್ದವರು ಅಲ್ಲಿಂದಲೇ ಬಗ್ಗಿ ಆ ಎಲೆಯನ್ನು ಎತ್ತಿ ಹಾಕಲೆಂದು ಮಡಚಲು ಕೈಹಾಕಿದರು. ನಾನು ಬೇಡ ಅಂದೆ. ಸ್ವರ ಸ್ವಲ್ಪ ಜೋರಾಯಿತು ಅಂತ ಕಾಣುತ್ತದೆ, ಮಕ್ಕಳೆಲ್ಲ ತುತ್ತು ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದರು. ಸರಸಕ್ಕನಿಗೆ ಕಾರಣ ಹೇಳಲಿಲ್ಲ. ನಿಮಗೆ ಹೇಳುತ್ತೇನೆ, ಆದರೆ ಅದಕ್ಕೆ ಪುತ್ತೂರಿಗೆ ಹೋಗಬೇಕು, ನಾನು ಎಂಟನೇ ಕ್ಲಾಸಿನಲ್ಲಿದ್ದ ಕಾಲಕ್ಕೆ.

ನಮ್ಮ ಮನೆ ಸುಳ್ಯದ ಅಜ್ಜಾವರದಲ್ಲಿ. ಅಪ್ಪ ಬೇರೆಯವರ ಜಾಗದಲ್ಲಿ ದುಡಿಯುವವರು. ಪುತ್ತೂರಿನ ಆ ದೊಡ್ಡ ಶಾಲೆಯಲ್ಲಿ ಓದುವ ಯೋಗ ನನಗೆ ಬಂದದ್ದು ನನ್ನ ಬುದ್ಧಿಯಿಂದಲ್ಲ, ಚಿಕ್ಕಪ್ಪ ಆ ಶಾಲೆಯ ಮಕ್ಕಳನ್ನು ವ್ಯಾನಿನಲ್ಲಿ ತರುತ್ತಿದ್ದುದರಿಂದ. ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡು, ವ್ಯಾನಿನ ಮುಂದಿನ ಸೀಟಿನಲ್ಲಿ ಮಹಾರಾಣಿಯಂತೆ ಕೂತು ಹೋಗುತ್ತಿದ್ದೆ. ಗೇಟಿನಲ್ಲಿ ಇಳಿದೊಡನೆ ಮಹಾರಾಣಿತನ ಮುಗಿಯುತ್ತಿತ್ತು. ಅಲ್ಲಿ ಕಾರಿನಲ್ಲಿ ಬರುವ ಮಕ್ಕಳಿದ್ದರು, ಅವರ ಬೂಟುಗಳಿಗೆ ಮಳೆಗಾಲದಲ್ಲೂ ಕೆಸರು ತಾಗುತ್ತಿರಲಿಲ್ಲ.

ಆ ಶಾಲೆಯಲ್ಲಿ ನನಗೆ ಇಬ್ಬರು ಗೆಳತಿಯರು ಸಿಕ್ಕಿದರು. ಸ್ನೇಹಕ್ಕೆ ದೊಡ್ಡ ಕಾರಣವನ್ನೇನೂ ಊಹಿಸಬೇಡಿ. ಕ್ಲಾಸ್ ಟೀಚರು ಎತ್ತರದ ಪ್ರಕಾರ ನಮ್ಮನ್ನು ಕೂರಿಸಿದರು, ನಾವು ಮೂವರು ಒಂದೇ ಎತ್ತರ ಇದ್ದೆವು, ಅಷ್ಟೆ. ಒಂದು ಬದಿ ವೀಣಾ, ಪೇಟೆಯ ಡಾಕ್ಟರ ಮಗಳು, ಕಾರಿನವಳು. ಇನ್ನೊಂದು ಬದಿ ಮೈಮುನಾ, ಉಪ್ಪಿನಂಗಡಿಯ ಬ್ಯಾರಿಗಳ, ಅಂದರೆ ನಮ್ಮ ಕರಾವಳಿಯ ಮುಸ್ಲಿಮರ, ಹುಡುಗಿ. ಅವಳ ಅಪ್ಪನಿಗೆ ಬಟ್ಟೆ ಅಂಗಡಿ, ಅಣ್ಣಂದಿರು ಗಲ್ಫಿನಲ್ಲಿ. ಅವಳ ರಬ್ಬರಿಗೂ ಸ್ಟ್ರಾಬೆರಿ ವಾಸನೆ ಇತ್ತು, ಒಮ್ಮೆ ನಾನು ಕಚ್ಚಿಯೂ ನೋಡಿದ್ದೇನೆ. ನಡುವೆ ನಾನು. ಮೂವರ ಮನೆಯಲ್ಲೂ ಬೇರೆ ಬೇರೆ ಭಾಷೆ. ಪರೀಕ್ಷೆಗೆ ಕನ್ನಡ, ಟೀಚರ ಎದುರು ಇಂಗ್ಲಿಷು, ಜಗಳಕ್ಕೂ ಗುಟ್ಟಿಗೂ ತುಳು. ಇನ್ನೊಬ್ಬಳ ಮನೆಮಾತಿನ ಬೈಗುಳವನ್ನು ಮಾತ್ರ ನಾವು ಬಹಳ ಬೇಗ ಕಲಿತೆವು.

ಮಧ್ಯಾಹ್ನ ಬುತ್ತಿ ಬಿಚ್ಚುವಾಗ ನಮ್ಮ ಬೆಂಚಿನದ್ದು ಒಂದು ವಿಚಿತ್ರ ಸಂಸಾರ. ವೀಣಾಳದ್ದು ಮೊಸರನ್ನ, ಮೀನಿನ ವಾಸನೆ ಬಂದರೆ ಮೂಗು ಮುಚ್ಚಿಕೊಳ್ಳುವ ಮನೆ. ಮೈಮುನಾಳದ್ದು ತೆಂಗಿನ ಹಾಲಿನಲ್ಲಿ ನೆನೆಸಿದ ತೆಳ್ಳಗಿನ ಅಕ್ಕಿರೊಟ್ಟಿ, ಪತ್ತಿರಿ. ನನ್ನದು ಹಿಂದಿನ ದಿನದ ಗಂಜಿಯನ್ನ, ಒಣಮೀನಿನ ಚಟ್ನಿ. ವೀಣಾ ತನ್ನ ಡಬ್ಬಿಯ ಮುಚ್ಚಳವನ್ನು ಗೋಡೆಯ ಹಾಗೆ ನಿಲ್ಲಿಸಿಕೊಂಡು ಉಣ್ಣುತ್ತಿದ್ದಳು. ಆದರೆ ಬೆಂಚು ಬಿಟ್ಟು ಏಳುತ್ತಿರಲಿಲ್ಲ, ಆ ಮಾತನ್ನೂ ಹೇಳಬೇಕು. ನಾನು ಗೋಡೆಯ ಈ ಕಡೆ ಕೂತು ಮೈಮುನಾಳ ಅರ್ಧ ಡಬ್ಬಿ ಖಾಲಿ ಮಾಡುತ್ತಿದ್ದೆ. ಅವಳ ಉಮ್ಮನಿಗೆ ಇದು ಗೊತ್ತಾಗಿ, ಆಮೇಲೆ ಡಬ್ಬಿಯೇ ದೊಡ್ಡದಾಯಿತು.

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಮೈಮುನಾಳ ಅಣ್ಣನ ಮದುವೆ. ನಮ್ಮನ್ನು ಕರೆಯಲು ಅವಳ ಅಪ್ಪನೇ ಮನೆಮನೆಗೆ ಬಂದರು. ಬಾಪ ಅಂತ ಅವಳು ಕರೆಯುತ್ತಿದ್ದಳು, ನಾವೂ ಹಾಗೇ ಕರೆದೆವು. ಎತ್ತರದ ಮನುಷ್ಯ, ಮಾತು ಮಾತ್ರ ಬಹಳ ಮೆಲ್ಲಗೆ. ಚಿಕ್ಕಮ್ಮನ ಮನೆಯ ಜಗಲಿಯಲ್ಲಿ ಕೂತು, ನಿಮ್ಮ ಕಡೆಯವರಿಗೆ ಬೇರೆ ಪಂದಲು ಉಂಟು, ಭಟ್ಟರ ಅಡುಗೆ, ಎಂತ ಸಂಶಯವೂ ಬೇಡ ಅಂತ ಭರವಸೆ ಕೊಟ್ಟು ಹೋದರು.

ಈ ಬೇರೆ ಪಂದಲಿನ ಕ್ರಮ ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ಕಡೆ ಬ್ಯಾರಿಗಳ ಮನೆ ಮದುವೆಯೆಂದರೆ ಹಿಂದೂ ಇಷ್ಟಮಿತ್ರರಿಗೆ ಅಂತಲೇ ಪಕ್ಕದಲ್ಲಿ ಒಂದು ಪಂದಲು, ಅಂದರೆ ಊಟದ ಚಪ್ಪರ, ಏಳುತ್ತಿತ್ತು. ಅಡುಗೆಗೆ ಭಟ್ಟರು, ಅವರದೇ ಪಾತ್ರೆ, ಅವರದೇ ಸೌಟು, ಅವರದೇ ಒಲೆ. ಸಾರು, ಸಾಂಬಾರು, ಪಲ್ಯ, ಪಾಯಸ. ಮನೆಯ ಯಜಮಾನ ಪಂದಲಿನ ಬಾಗಿಲಲ್ಲಿ ನಿಂತು ಕೈಮುಗಿದು ಬರಮಾಡಿಕೊಳ್ಳುತ್ತಾನೆ, ಒಳಗೆ ಕಾಲಿಡುವುದಿಲ್ಲ. ತನ್ನದೇ ಖರ್ಚಿನ, ತನ್ನದೇ ಅಂಗಳದ ಪಂದಲಿನ ಹೊರಗೆ ನಿಲ್ಲುವುದನ್ನು ಅವರು ಮರ್ಯಾದೆ ಎಂದು ತಿಳಿದಿದ್ದರು. ನಾವೂ ಹಾಗೇ ತಿಳಿದಿದ್ದೆವು.

ಆದರೆ ನನ್ನ ಪಾಡು ನೋಡಿ. ನಾವು ಗೌಡರು, ನಮ್ಮಲ್ಲಿ ಕೋಳಿ ಕೊಯ್ಯದೆ ಹಬ್ಬ ಆಗುವುದಿಲ್ಲ. ವೀಣಾಳಿಗೆ ಸರಿಹೋಗುವ ಆ ಸಾಂಬಾರು ನನಗೂ ಕಡ್ಡಾಯ! ನಡುವೆ ಗೋಡೆಯ ಹಾಗೆ ಕಟ್ಟಿದ ಟರ್ಪಾಲಿನ ಆಚೆ ಬದಿಯಿಂದ ತುಪ್ಪದನ್ನದ ವಾಸನೆ, ಹುರಿದ ಮಸಾಲೆಯ ವಾಸನೆ ಅಲೆ ಅಲೆಯಾಗಿ ಬರುತ್ತಿದೆ, ಆಚೆ ಬದಿಯಲ್ಲಿ ನಾಲ್ಕೈದು ಜನ ಒಂದೇ ದೊಡ್ಡ ತಳಿಗೆಯ ಸುತ್ತ ಕೂತು ಕೈಹಾಕಿ ತಿನ್ನುತ್ತಿದ್ದಾರೆ, ನಾನು ಕುಂಬಳಕಾಯಿ ಹೋಳು ಹಿಡಿದು ಕಣ್ಣೀರು ಹಾಕುವುದೊಂದು ಬಾಕಿ. ಮೈಮುನಾಳಿಗೆ ಕರುಣೆ ಬಂದು ಶಾಲಿನ ಅಡಿಯಲ್ಲಿ ಒಂದು ಬಟ್ಟಲು ಅಡಗಿಸಿ ತಂದಳು. ಬಾಪ ಕಂಡುಬಿಟ್ಟರು. ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಅವರ ಮನೆಯವರು ನಮ್ಮನ್ನು ನಂಬಿ ಕಳಿಸಿದ್ದು," ಅಂದರು ಅವಳಿಗೆ. "ಅದನ್ನು ತೆಕ್ಕೊಂಡು ಹೋಗು."

ಆಮೇಲೆ ನನ್ನ ಮುಖ ನೋಡಿ ಪಾಪ ಅನಿಸಿರಬೇಕು, ಬಾಗಿಲಿನಿಂದಲೇ ಕೂಗಿ, ಭಟ್ಟರೇ, ಈ ಹುಡುಗಿಗೆ ಪಾಯಸ ಇನ್ನೊಮ್ಮೆ ಹಾಕಿ ಅಂದರು.

ಊಟ ಮುಗಿದು ನಾವು ಎಲೆ ಮಡಚುವುದನ್ನು ಅವರು ನೋಡುತ್ತಾ ನಿಂತಿದ್ದರು. ಎಲ್ಲರೂ ಒಂದೇ ರೀತಿ ಮಡಚುವುದು ಯಾಕೆ ಅಂತ ಭಟ್ಟರನ್ನು ಕೇಳಿದರು. ಭಟ್ಟರು ವಿವರಿಸಿದರು. ಶುಭದ ಊಟವಾದರೆ ಉಂಡವರು ಎಲೆಯನ್ನು ತಮ್ಮ ಕಡೆಗೆ ಮಡಚಿಕೊಳ್ಳಬೇಕು, ಈ ಮನೆಯ ಊಟ ಇನ್ನೊಮ್ಮೆ ಬರಲಿ ಅಂತ. ಸತ್ತವರ ಬೊಜ್ಜದ ಊಟವಾದರೆ ಆಚೆಗೆ ಮಡಚಬೇಕು, ಇಂಥದ್ದು ಮತ್ತೆ ಬಾರದಿರಲಿ ಅಂತ. ಬಾಪ ತಲೆದೂಗಿದರು. ಒಳ್ಳೆ ಕ್ರಮ ಅಂದರು. ಮರುದಿನದಿಂದ ಮೈಮುನಾ ಬೆಂಚಿನಲ್ಲಿ ಪತ್ತಿರಿ ಸುತ್ತಿ ತಂದ ಎಲೆಯನ್ನೂ ತನ್ನ ಕಡೆಗೇ ಮಡಚತೊಡಗಿದಳು. ನೀನು ದಿನಾ ಬರ್ಲಿಕ್ಕೆ ಅಂತ ನನ್ನನ್ನು ತಮಾಷೆ ಮಾಡುತ್ತಿದ್ದಳು.

ಶಾಲೆ ಮುಗಿಯಿತು. ವೀಣಾ ಡಾಕ್ಟರಾಗಿ ಅಪ್ಪನ ಕ್ಲಿನಿಕ್ಕಿನಲ್ಲೇ ಕೂತಳು. ನಾನು ಟೀಚರಾದೆ. ಮೈಮುನಾಳಿಗೆ ಬೇಗ ಮದುವೆಯಾಯಿತು, ಉಪ್ಪಿನಂಗಡಿಯಲ್ಲೇ. ಅವಳ ಮದುವೆಗೂ ಪಂದಲು, ಅದೇ ಭಟ್ಟರು, ಬಾಗಿಲಲ್ಲಿ ಅದೇ ಬಾಪ, ನಾನೂ ವೀಣಾಳೂ ಅಕ್ಕಪಕ್ಕ ಕೂತು ಉಂಡೆವು. ಸ್ನೇಹವೆಂದರೆ ನಾವೇನೂ ದಿನಾ ಮಾತಾಡುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ ಎರಡು ಬಸ್ಸು ಬಿಟ್ಟು ನಿಲ್ಲುತ್ತಿದ್ದೆವು.

ಆಮೇಲೆ ಊರಿಗೆ ಏನಾಯಿತು ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಮೈಮುನಾಳ ಕಿರಿಯ ತಂಗಿಯ ಮದುವೆ ನಿಶ್ಚಯವಾದ ವರ್ಷ ಎಲ್ಲೋ ಒಂದು ಕೊಲೆಯಾಯಿತು, ಅದಕ್ಕೆ ಪ್ರತಿಯಾಗಿ ಇನ್ನೊಂದು. ಸಂಜೆಯಾಗುತ್ತಲೇ ಪೇಟೆಯ ಶಟರುಗಳು ಬೀಳುತ್ತಿದ್ದವು. ಬ್ಯಾರಿಗಳ ಅಂಗಡಿಗೆ ಹೋಗಬೇಡಿ, ಅವರ ಮನೆಯಲ್ಲಿ ನೀರು ಕುಡಿಯಬೇಡಿ ಎಂಬ ಮೆಸೇಜುಗಳು ಫೋನಿನಿಂದ ಫೋನಿಗೆ ಹಾರುತ್ತಿದ್ದವು. ಅದನ್ನು ಕಳಿಸುತ್ತಿದ್ದವರು ರಾಕ್ಷಸರಲ್ಲ, ನನ್ನ ಜೊತೆ ಓದಿದವರು, ನನ್ನ ಶಾಲೆಯ ಮಕ್ಕಳ ಪ್ರಾಯದ ಹುಡುಗರಿಗೆ ಟ್ಯೂಶನ್ ಕೊಡುವವರು. ನನಗೆ ಈಗಲೂ ಅದನ್ನು ನೆನೆದರೆ ಮೈ ಉರಿಯುತ್ತದೆ.

ಅಂಥ ಸಮಯದಲ್ಲಿ ಬಾಪ ಮತ್ತೆ ಮನೆಮನೆಗೆ ಹೋಗಿ ಕರೆದರು. ಮುದುಕರಾಗಿದ್ದರು, ಮೆಟ್ಟಿಲು ಹತ್ತಲು ಕೈ ಕೊಡಬೇಕಿತ್ತು. ಈ ಸಲ ಪಂದಲು ಬೇಡ ಅಂತ ಗಂಡುಮಕ್ಕಳೇ ಹೇಳಿದರಂತೆ. ಅವರ ಪೈಕಿಯ ಕೆಲವು ಹುಡುಗರಂತೂ, ಹಿಂದೂಗಳ ಕಾಲಿಗೆ ಬೀಳುವುದು ಯಾಕೆ ಎಂದು ಮುಖಕ್ಕೇ ಕೇಳಿದರಂತೆ. ಬಾಪ ಕೇಳಲಿಲ್ಲ. ಕ್ರಮ ಕ್ರಮವೇ ಅಂದರಂತೆ.

ಅಜ್ಜಾವರದಿಂದ ಅವ್ವ ಫೋನು ಮಾಡಿ "ಬೊತ್ತು ಮಗಾ" ಅಂದಳು. ಬೊತ್ತು ಅಂದರೆ ನಮ್ಮ ಅರೆಭಾಷೆಯಲ್ಲಿ ಬೇಡ. ಚಿಕ್ಕಪ್ಪ ಬೇಡ ಅನ್ನಲಿಲ್ಲ, ಬೇಗ ಬಂದುಬಿಡು ಅಂದರು. ವೀಣಾಳಿಗೆ ಫೋನು ಮಾಡಿದೆ, ಜೊತೆಗೆ ಹೋಗುವ ಅಂತ. ಕ್ಲಿನಿಕ್ಕಿನಲ್ಲಿ ಆ ದಿನ ತುಂಬಾ ಜನ ಅಂದಳು. ಆ ದಿನಕ್ಕೆ ಇನ್ನೂ ಒಂದು ವಾರ ಇತ್ತು. ಅಷ್ಟು ಮೊದಲೇ ಯಾರಿಗೆಲ್ಲ ಜ್ವರ ಬರುತ್ತದೆಂದು ಡಾಕ್ಟರಿಗೆ ಗೊತ್ತಿರುತ್ತದೋ ಏನೋ.

ನಾನು ಹೋದಾಗ ಹೊತ್ತು ಸರಿಯಾಗಿ ಊಟದ್ದೇ. ಟರ್ಪಾಲಿನ ಆಚೆ ಗದ್ದಲ, ನಗು, ಮಕ್ಕಳ ಓಟ. ಈಚೆ ಉದ್ದಕ್ಕೆ ಎಲೆಗಳ ಸಾಲು. ಜನ ಬಂದೇ ಬರುತ್ತಾರೆಂದು ಉಪ್ಪು, ಉಪ್ಪಿನಕಾಯಿ, ಎರಡು ಪಲ್ಯ ಮೊದಲೇ ಬಡಿಸಿಟ್ಟಿದ್ದರು. ಯಾರೂ ಇರಲಿಲ್ಲ. ಭಟ್ಟರು ಕಂಬಕ್ಕೆ ಒರಗಿ ಕೂತಿದ್ದರು. ಅವರಿಗೂ ಬೇಡವೆಂದವರಿದ್ದರು, ಆದರೂ ಬಂದು ಅಡುಗೆ ಮಾಡಿದ್ದರು. ಬಾಪ ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತಿದ್ದವರು ನನ್ನನ್ನು ಕಂಡು ಕೈಮುಗಿದರು. ನನಗೆ, ಅವರ ಮಗಳ ಬೆಂಚಿನ ಹುಡುಗಿಗೆ.

ಇನ್ನು ಸ್ವಲ್ಪ ಕಾಯುವ ಅಂತ ಭಟ್ಟರು ಹೇಳಿದರು. ಕಾದೆವು. ಅನ್ನದ ಹಬೆ ನಿಂತಿತು. ಪಲ್ಯದ ಮೇಲೆ ನೊಣ ಕೂರತೊಡಗಿತು. ಕೊನೆಗೆ ನಾನೇ ಹೋಗಿ ಸಾಲಿನ ನಡುವೆ ಒಂದು ಎಲೆಯ ಮುಂದೆ ಕೂತೆ. ಅಷ್ಟುದ್ದ ಸಾಲಿನಲ್ಲಿ ಒಬ್ಬಳೇ ಕೂತು ಉಣ್ಣುವುದು ಎಷ್ಟು ಕಷ್ಟ ಅಂತ ಹೇಳಿದರೆ ನೀವು ನಂಬಲಿಕ್ಕಿಲ್ಲ. ಅಗಿಯುವ ಸದ್ದು ನನಗೇ ಕೇಳುತ್ತಿತ್ತು. ಒಂದು ತುತ್ತೂ ರುಚಿಸಲಿಲ್ಲ, ಒಂದು ಅಗುಳನ್ನೂ ಬಿಡಲಿಲ್ಲ. ಬಾಪ ಬಾಗಿಲಲ್ಲೇ ನಿಂತು, ಮೊದಲಿಗಿಂತ ಮೆಲ್ಲಗೆ, ಭಟ್ಟರೇ, ಪಾಯಸ ಇನ್ನೊಮ್ಮೆ ಹಾಕಿ ಅಂದರು.

ನಾನು ಉಂಡು ಎಲೆಯನ್ನು ನನ್ನ ಕಡೆಗೆ ಮಡಚಿ ಎದ್ದೆ. ಆಗ ಅವರು ಒಳಗೆ ಬರಲೇ ಎಂದು ಭಟ್ಟರನ್ನು ಕೇಳಿದರು. ಭಟ್ಟರು ಇದೆಂಥ ಕೇಳುವುದು ಅಂದರು. ಬಾಪ ಮೊದಲ ಸಲ ತಮ್ಮ ಪಂದಲಿನ ಒಳಗೆ ಬಂದರು. ಉಣ್ಣದೆ ಉಳಿದ ಎಲೆಯನ್ನು ನಮ್ಮಲ್ಲಿ ಮಡಚುವ ಕ್ರಮವಿಲ್ಲ, ಎತ್ತಿ ಹಾಕುವುದು ಅಷ್ಟೆ. ಅವರಿಗೆ ಅದು ಗೊತ್ತಿರಲಿಲ್ಲ. ಸಾಲಿನ ಆ ತುದಿಯಿಂದ ಒಂದೊಂದೇ ಎಲೆಯನ್ನು ಬಗ್ಗಿ ಮಡಚುತ್ತಾ ಬಂದರು, ಬಹಳ ಜಾಗ್ರತೆಯಿಂದ, ತಮ್ಮ ಕಡೆಗೆ. ಎಷ್ಟೋ ವರ್ಷದ ಹಿಂದೆ ಭಟ್ಟರು ಹೇಳಿದ್ದನ್ನು ಮರೆತಿರಲಿಲ್ಲ. ಇನ್ನೊಮ್ಮೆ ಬರಲಿ ಅಂತಲೇ ಮಡಚಿದರು.

ಆದರೆ ಅವರು ನಿಂತದ್ದು ಬಡಿಸುವ ಬದಿಯಲ್ಲಿ. ಅಲ್ಲಿ ನಿಂತು ತಮ್ಮ ಕಡೆಗೆ ಮಡಚಿದರೆ, ಕೂತು ಉಣ್ಣುವವರಿಗೆ ಅದು ಆಚೆ. ಬೊಜ್ಜದ ಮಡಿಕೆ. ಸಾಲಿನುದ್ದಕ್ಕೂ, ನನ್ನದೊಂದನ್ನು ಬಿಟ್ಟು.

ನಾನು ಭಟ್ಟರನ್ನು ನೋಡಿದೆ. ಅವರು ಸೌಟು ತೊಳೆಯಲು ಹೋದರು. ಟರ್ಪಾಲಿನ ಸಂದಿಯಲ್ಲಿ ಮೈಮುನಾ ನಿಂತಿದ್ದಳು, ಅವಳು ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ ನನಗೆ ತಿಳಿಯಲಿಲ್ಲ. ಮುದುಕರು ಬೆನ್ನು ಹಿಡಿದುಕೊಂಡು ಕೊನೆಯ ಎಲೆಯವರೆಗೂ ಮಡಚಿದರು.

ನಾನು ಒಬ್ಬಳೇ ಎಲೆಯ ಮುಂದೆ ಕೂತ ಫೋಟೋ ಸಂಜೆಯೊಳಗೆ ಪುತ್ತೂರು, ಸುಳ್ಯ, ಕಡಬ ಎಲ್ಲ ಸುತ್ತಿತು. ರಸ್ತೆಯಿಂದ ಯಾರೋ ತೆಗೆದದ್ದು. ಕೆಳಗೆ ಬರೆದದ್ದನ್ನು ಇಲ್ಲಿ ಬರೆಯಲಾರೆ. ನಾನು ಧೈರ್ಯವಂತೆಯೇನಲ್ಲ, ಒಂದು ತಿಂಗಳು ಬಸ್ಸಿನಲ್ಲಿ ತಲೆ ತಗ್ಗಿಸಿಯೇ ಕೂತೆ. ಆದರೆ ಪೆಟ್ಟು ಬಿದ್ದದ್ದು ನನಗಲ್ಲ, ಚಿಕ್ಕಪ್ಪನಿಗೆ. ಮೊದಲು ವ್ಯಾನಿನ ಗಾಜಿಗೆ ಕಲ್ಲು. ಆಮೇಲೆ ಹೆತ್ತವರು ಒಬ್ಬೊಬ್ಬರೇ ಮಕ್ಕಳನ್ನು ಅವರ ವ್ಯಾನಿಗೆ ಹತ್ತಿಸುವುದು ನಿಲ್ಲಿಸಿದರು. ಕಾರಣ ಯಾರೂ ಹೇಳಲಿಲ್ಲ, ಎದುರು ಸಿಕ್ಕರೆ ನಗುತ್ತಲೇ ಮಾತಾಡಿದರು. ಚಿಕ್ಕಪ್ಪ ಕೆಲವು ದಿನ ಖಾಲಿ ವ್ಯಾನನ್ನೇ ಅದೇ ದಾರಿಯಲ್ಲಿ ಓಡಿಸಿದರು, ಪ್ರತಿ ಗೇಟಿನ ಮುಂದೆ ಹಾರ್ನ್ ಹಾಕಿ. ಆಮೇಲೆ ಮಾರಿದರು. ನನಗೆ ಒಂದು ಮಾತು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ.

ಬಾಪ ಮರುವರ್ಷ ತೀರಿಕೊಂಡರು. ಮಣ್ಣು ಮಾಡಿದ ಮೇಲೆಯೇ ನನಗೆ ಸುದ್ದಿ ಬಂತು. ಮೈಮುನಾ ಬೇಕೆಂದೇ ತಡಮಾಡಿದ್ದಳೆಂದು ಆಗ ನನಗೆ ಹೊಳೆಯಲಿಲ್ಲ, ದುಃಖದಲ್ಲಿ ಮರೆತಳು ಅಂದುಕೊಂಡೆ.

ಹೋದ ವಾರ ಅವಳ ಫೋನು ಬಂತು. ನಾವೀಗ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೂ ಕಣ್ಣಲ್ಲೇ ಮಾತಾಡಿ ಬೇರೆ ಬೇರೆ ಬಸ್ಸು ಹತ್ತುವವರು, ಫೋನಿನಲ್ಲಿ ಮಾತ್ರ ಹಳೆಯ ಹಾಗೆ. ಆಯಿಷಾಳಿಗೆ ಗುರುವಾರ ಮದುವೆ ಅಂದಳು. ಆಯಿಷಾ ಅವಳ ದೊಡ್ಡ ಮಗಳು, ಸಣ್ಣವಳಿದ್ದಾಗ ನನ್ನ ಮಡಿಲಲ್ಲಿ ಉಚ್ಚೆ ಹೊಯ್ದವಳು. ನನಗೆ ಖುಷಿಯಾಗಿ, ಭಟ್ಟರು ಈಗ ಇಲ್ಲವಲ್ಲ, ಅಡುಗೆಗೆ ಯಾರು ಅಂತ ಕೇಳಿದೆ. ನೋಡಿ, ಅಂಥ ಹೊತ್ತಿನಲ್ಲೂ ನನಗೆ ಅಡುಗೆಯದ್ದೇ ಚಿಂತೆ.



"ಪಂದಲ್ ಹಾಕುದಿಲ್ಲ," ಅಂದಳು. "ಬಾಪ ಆವತ್ತು ಎಲೆ ಮಡಚಿದ್ದು ನೆನಪುಂಟಾ ನಿನಗೆ?"

"ಉಂಟು."

"ಆಚೆ ಬದಿಯಿಂದ ಮಡಚಿದ್ದು. ನನಗೆ ಆಗಲೇ ಗೊತ್ತಾಗಿತ್ತು ಮಾರಾಯ್ತಿ. ಸಾಯುವವರೆಗೆ ಅವರಿಗೆ ಹೇಳ್ಲಿಲ್ಲ."

ನಾನೂ ನೋಡಿದ್ದೆ ಅಂದೆ. ನೀನು ನೋಡಿದ್ದೂ ನನಗೆ ಗೊತ್ತುಂಟು ಅಂದಳು. ಇಷ್ಟು ವರ್ಷ ನಾವಿಬ್ಬರೂ ಒಬ್ಬರಿಂದೊಬ್ಬರು ಅದನ್ನು ಮುಚ್ಚಿಟ್ಟುಕೊಂಡು ಬಂದಿದ್ದೆವು. ಆಮೇಲೆ ನಾನು, ಪಂದಲು ಇಲ್ಲದಿದ್ದರೆ ಬೇಡ, ನಿಮ್ಮ ತಳಿಗೆಯಲ್ಲೇ ಕೂರುತ್ತೇನೆ, ಒಂಬತ್ತನೇ ಕ್ಲಾಸಿನಿಂದ ಅದಕ್ಕೇ ಕಾಯುತ್ತಿದ್ದೇನೆ ಅಂತ ನಗಿಸಲು ನೋಡಿದೆ. ಅವಳು ನಗಲಿಲ್ಲ.

"ನಿನ್ನನ್ನು ಕರೆಯುದಿಲ್ಲ," ಅಂದಳು.

"ಎಂತಕ್ಕೆ?"

"ಕರೆದ್ರೆ ನೀನು ಬರ್ತಿ. ಅದಕ್ಕೇ."

ಆ ಗುರುವಾರವೇ ಇವತ್ತು.

ಸರಸಕ್ಕ ಇನ್ನೂ ಸೌಟು ಹಿಡಿದು ನಿಂತಿದ್ದರು. ನಾನು ಸೀರೆ ಸೆರಗು ಸಿಕ್ಕಿಸಿಕೊಂಡು, ಜ್ವರ ಬಂದ ಹುಡುಗ ಕೂರಬೇಕಾಗಿದ್ದ ಜಾಗದಲ್ಲಿ ಕೂತೆ. ಬಡಿಸಿ ಅಂದೆ. ಟೀಚರು ನೆಲಕ್ಕೆ ಕೂತದ್ದು ಮಕ್ಕಳಿಗೆ ತಮಾಷೆ, ಪಕ್ಕದ ಹುಡುಗಿ ನನಗೆ ಜಾಗ ಮಾಡಿಕೊಟ್ಟಳು. ಈ ಹೊತ್ತಿಗೆ ಅಲ್ಲಿ ತುಪ್ಪದನ್ನ ಇಳಿಸಿರುತ್ತಾರೆ, ಮೈಮುನಾ ಬೆವರು ಒರೆಸುತ್ತಾ ಅತ್ತಿತ್ತ ಓಡುತ್ತಿರುತ್ತಾಳೆ, ಟರ್ಪಾಲಿನ ಗೋಡೆ ಇಲ್ಲದ ಅಂಗಳ ದೊಡ್ಡದಾಗಿ ಕಾಣುತ್ತಿರುತ್ತದೆ ಅಂತ ಯೋಚಿಸುತ್ತಾ ಉಂಡೆ. ಪಾಯಸ ಇನ್ನೊಮ್ಮೆ ಹಾಕಿ ಎನ್ನಲು ಬಾಗಿಲಲ್ಲಿ ಯಾರೂ ಇರಲಿಲ್ಲ. ನಾನೇ ಕೇಳಿ ಹಾಕಿಸಿಕೊಂಡೆ.

ಎಲೆಯನ್ನು ನನ್ನ ಕಡೆಗೆ ಮಡಚಿದೆ. ಅದರಿಂದ ಏನೂ ಆಗುವುದಿಲ್ಲವೆಂದು ನನಗೆ ಗೊತ್ತು. ಅವತ್ತೂ ನಾನು ನನ್ನ ಎಲೆಯನ್ನು ಸರಿಯಾಗಿಯೇ ಮಡಚಿದ್ದೆ, ಆದರೂ ಆ ಮನೆಯ ಊಟ ಮತ್ತೆ ಬರಲಿಲ್ಲ.

ಕೈ ತೊಳೆಯುತ್ತಿದ್ದಾಗ ಉಪ್ಪಿನಂಗಡಿಯ ಬಸ್ಸು ಗೇಟಿನ ಮುಂದೆ ನಿಂತಿತು. ಕಂಡಕ್ಟರನಿಗೆ ನನ್ನ ಗುರುತು ಉಂಟು, ಬರುತ್ತೀರಾ ಟೀಚರೇ ಎಂಬಂತೆ ನೋಡಿದ. ನಾನು ಇಲ್ಲ ಅಂತ ಕೈಯಾಡಿಸಿದೆ. ಅವನು ಸೀಟಿ ಊದಿದ, ಬಸ್ಸು ಹೋಯಿತು.